ಶೋಕಗೀತೆಯಲ್ಲಿಯ ಹಡಗು

(ಶ್ರೀಮಠದ ಮಹೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)

ಉತ್ಸವದ ಸಭೆಯಲ್ಲಿ ಶೋಕಗೀತೆಯ ವಿಷಯವನ್ನೆತ್ತುವದು ಉಚಿತವೇ ಎಂದು ತಮ್ಮಲ್ಲಿ ಕೆಲವರು ಶಂಕಿಸಬಹುದು. ನಾನೂ ಶಂಕಿಸಿದೆನು. ಆದರೆ ನಾನು ಆರಿಸಿಕೊಂಡ ಕವಿತೆಯಲ್ಲಿ ಉತ್ಸವವೂ ಶೋಕವೂ ಒಂದೇ ಗಳಿಗೆಯಲ್ಲಿ, ಒಂದೇ ದಂಡೆಯಲ್ಲಿ ಕೂಡಿಬಂದಿವೆ. ಆದ್ದರಿಂದ ಧೈರ್ಯ ಮಾಡಿದ್ದೇನೆ.

ಕವಿತೆಯು ಅಮೇರಿಕೆಯ ಕವಿ ವಾಲ್ಟ್ ವ್ಹಿಟ್ಮನ್ನನದು. ‘ಓ ಕ್ಯಾಪ್ಟನ್! ಮೈ ಕ್ಯಾಪ್ಟನ್!’ ಎಂಬ ಅದರ ಹೆಸರನ್ನು ಇಂಗ್ಲಿಷು ಕಲಿತ ಅನೇಕರು ಶಾಲೆಯಲ್ಲಿಯೇ ಕೇಳಿರುವರು. ಕೇಳದವರಿಗಾಗಿ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಆ ದೇಶದ ದಕ್ಷಿಣದ ಸಂಸ್ಥಾನಗಳು ಗುಲಾಮಗಿರಿಯನ್ನು ಬಿಡಲೊಲ್ಲದೆ ಒಕ್ಕೂಟದಿಂದ ಬೇರೆಯಾಗಲು, 1861ರಿಂದ ನಾಲ್ಕು ವರುಷ ಅಣ್ಣತಮ್ಮಂದಿರೇ ಒಬ್ಬರ ರಕ್ತವನ್ನೊಬ್ಬರು ಹರಿಸಿದರು. 1865ನೆಯ ಏಪ್ರಿಲ್ 9ರಂದು ದಕ್ಷಿಣದವರ ಸೇನಾಪತಿಯಾದ ಲೀ ಶರಣಾಗತನಾದನು. ದೇಶವು ಒಡೆಯದೆ ಉಳಿಯಿತು. ಐದೇ ದಿನಗಳಲ್ಲಿ, 14ರ ರಾತ್ರಿ, ರಾಜಧಾನಿಯ ನಾಟಕಗೃಹವೊಂದರಲ್ಲಿ ಅಧ್ಯಕ್ಷನಾದ ಅಬ್ರಹಾಂ ಲಿಂಕನ್ನನಿಗೆ ಗುಂಡು ತಗಲಿತು. ಮರುದಿನ ಬೆಳಿಗ್ಗೆ ಆತನು ಅಸುನೀಗಿದನು. ಅದೇ ದಿನ, ಗುಂಡು ತಗಲುವ ಮುನ್ನ, ತನ್ನ ಮಂತ್ರಿಗಳ ಮುಂದೆ ಲಿಂಕನ್ನನು ತಾನು ಕಂಡ ಕನಸೊಂದನ್ನು ಹೇಳಿದ್ದನು: ವಿಚಿತ್ರವಾದೊಂದು ನಾವೆಯಲ್ಲಿ ಕುಳಿತು ಅಸ್ಪಷ್ಟವಾದ ದಡದ ಕಡೆಗೆ ವೇಗವಾಗಿ ಸಾಗುತ್ತಿದ್ದಂತೆ. ಮಂತ್ರಿಯಾದ ವೆಲ್ಸ್ ಎಂಬವನ ದಿನಚರಿಯಲ್ಲಿ ಇದು ದಾಖಲಾಗಿದೆ. ಅದೇ ವರುಷದಲ್ಲಿ ಪ್ರಕಟವಾದ ಈ ಗೀತೆಯಲ್ಲಿಯೂ ಹಡಗೇ ಬಂದಿರುವದು ಸೋಜಿಗವಲ್ಲವೇ?

ಗೀತೆಯಲ್ಲಿ ಲಿಂಕನ್ನನ ಹೆಸರಿಲ್ಲ; ಯುದ್ಧದ ಮಾತಿಲ್ಲ; ಅಮೇರಿಕೆ ಎಂಬ ಶಬ್ದವೂ ಇಲ್ಲ. ಇರುವದು ಒಂದು ಹಡಗು. ಬಿರುಗಾಳಿಗಳನ್ನೆಲ್ಲ ಗೆದ್ದು ಬಂದ ಹಡಗು ರಾಷ್ಟ್ರ, ಬಿರುಗಾಳಿಯು ಯುದ್ಧ, ಬಂದರವು ಶಾಂತಿ, ದಂಡೆಯ ಮೇಲೆ ಹೂಮಾಲೆ ಹಿಡಿದು ನಿಂತ ಜನರು ಪ್ರಜೆಗಳು, ನಾವಿಕನು ಲಿಂಕನ್. ಒಂದು ರೂಪಕವನ್ನು ಹೀಗೆ ಅಂಗಾಂಗಗಳೊಡನೆ ಬಿಡಿಸುವದಕ್ಕೆ ನಮ್ಮ ಲಾಕ್ಷಣಿಕರು ಸಾವಯವ ರೂಪಕವೆಂದು ಕರೆದಿರುವರು. ಇದು ನಮಗೆ ಹೊರಗಿನ ವಿದ್ಯೆಯಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗವು ಹುಟ್ಟಿದ್ದು ನಮ್ಮ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ; ಅದರ ಮೂರನೆಯ ಪರಿಚ್ಛೇದವೆಲ್ಲ ಅರ್ಥಾಲಂಕಾರಗಳ ವಿಚಾರವೇ. ಇಂದು ಕಾಗಿಣಾ ನದಿಯ ದಂಡೆಗೆ ಹೋದವರು ಕೋಟೆಯ ಅವಶೇಷವನ್ನು ನೋಡಿ ಹಿಂದಿರುಗುತ್ತಾರೆ. ಅಲ್ಲಿ ಅಲಂಕಾರಶಾಸ್ತ್ರದ ಪಾಠ ನಡೆದಿದ್ದೀತೆಂದು ನೆನೆಯುವವರು ವಿರಳ. ಇನ್ನು ದೇಹವನ್ನೇ ಗುಡಿಯಾಗಿ ಕಂಡ ಬಸವಣ್ಣನವರ ವಚನವನ್ನು ಈ ಸಭೆಗೆ ನಾನು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಗುಡಿಯ ಅಂಗಗಳು ಮೈಯ ಅಂಗಗಳಿಗೆ ಹೊಂದುತ್ತ ಬಂದು, ಕಡೆಯಲ್ಲಿ ಆ ರೂಪಕವನ್ನೇ ಮೀರಿ ಸ್ಥಾವರಜಂಗಮಗಳ ವಿಚಾರಕ್ಕೆ ಮಾತು ಹಾಯುತ್ತದೆ.

ಸಾವಯವ ರೂಪಕಕ್ಕೆ ಒಂದು ಅಪಾಯವುಂಟು. ಎಲ್ಲವೂ ಎಲ್ಲದಕ್ಕೂ ಸರಿಹೊಂದಿಬಿಟ್ಟರೆ ಕಾವ್ಯವು ಅಂಗಡಿಯ ಜಮಾಖರ್ಚಿನಂತಾಗಿ ಕಣ್ಣೀರಿಗೆ ಎಡೆಯೇ ಇರುವದಿಲ್ಲ. ವ್ಹಿಟ್ಮನ್ನನ ರೂಪಕವು ಎರಡು ಕಡೆ ಹೊಂದದೆ ಉಳಿದಿದೆ. ದುಃಖವು ಒಳಗೆ ಬರುವದು ಆ ಎರಡು ಬಿರುಕುಗಳಿಂದಲೇ.

ಮೊದಲನೆಯದು: ಹಡಗು ದಡ ಸೇರಿತು, ನಡೆಸಿದವನು ಸೇರಲಿಲ್ಲ. ಬಿರುಗಾಳಿಯಲ್ಲಿ ಹಡಗಿನೊಡನೆ ನಾವಿಕನೂ ಮುಳುಗಿದ್ದರೆ ಅದೊಂದು ದುರಂತ ಕಥೆಯಾಗುತ್ತಿತ್ತು. ಇಲ್ಲಿ ಗಂಟೆಗಳು ಬಾರಿಸುತ್ತಿವೆ, ಕಹಳೆ ಮೊಳಗುತ್ತಿದೆ, ಧ್ವಜವೇರಿದೆ. ಆತನ ಮುಖವನ್ನು ಕಾಣಲು ಜನಸಮೂಹವು ತವಕಿಸುತ್ತಿದೆ. ಹಲಗೆಗಳ ಮೇಲೆ ರಕ್ತದ ಹನಿಗಳಿರುವದು ದಂಡೆಯವರಿಗೆ ಇನ್ನೂ ತಿಳಿಯದು. ಅದನ್ನು ಕಂಡವನು ಹಡಗಿನಲ್ಲಿದ್ದವನೊಬ್ಬನೇ.

ಎರಡನೆಯದು ಇನ್ನೂ ಸೂಕ್ಷ್ಮ. ನಾವಿಕನೆಂದು ಕರೆಯುತ್ತಿದ್ದವನು ನಡುವೆ ಒಮ್ಮೆಲೆ ತಂದೆಯೇ ಎಂದು ಕೂಗುತ್ತಾನೆ. ಹಡಗಿನ ಲೆಕ್ಕದಲ್ಲಿ ತಂದೆಗೆ ಸ್ಥಾನವಿಲ್ಲ. ಹಿಂದೊಮ್ಮೆ ನಾನು ಈ ಪಾಠವನ್ನು ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಹಡಗ ನಡಸಾಂವ ಇವ್ನಿಗಿ ಅಪ್ಪ ಹ್ಯಾಂಗ ಆದನ್ರಿ?” ಎಂದು ಕೇಳಿದನು. ನಾನು ಅಲಂಕಾರಶಾಸ್ತ್ರವನ್ನು ನೆನೆಯುತ್ತಿದ್ದೆನು. ಅಷ್ಟರಲ್ಲಿ ಅವನ ಮಗ್ಗುಲಿನವನೇ, “ಮಠದ ಅಪ್ಪಾರಿಗಿ ನೀ ಅಪ್ಪಾ ಅನ್ನಲ್ಲೇನು?” ಎಂದು ಬಾಯಿ ಮುಚ್ಚಿಸಿದನು. ಅದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ. ದಾರಿ ತೋರಿಸಿದವನನ್ನು ಅಪ್ಪಾ ಎನ್ನುವದು ಕಲಬುರಗಿಯವರಿಗೆ ಅಲಂಕಾರವಲ್ಲ, ನಿತ್ಯದ ಮಾತು.

ಆದರೂ ಈ ನಾವಿಕನು ನಮ್ಮ ಅಂಬಿಗನಲ್ಲ. ನಮ್ಮದು ಜೋಳ ತೊಗರಿಗಳ ನಾಡು, ಸಮುದ್ರವು ದೂರ. ನಮ್ಮ ಹಿರಿಯರು ಬಲ್ಲದ್ದು ಭೀಮಾ ನದಿಯ ಹರಿಗೋಲನ್ನು: ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ್ದು. ಅಂಬಿಗರ ಚೌಡಯ್ಯನವರಂಥ ಶರಣರು ತಮ್ಮ ಕಾಯಕದಿಂದಲೇ ಭವಸಾಗರವನ್ನು ದಾಟಿಸುವ ರೂಪಕವನ್ನು ನಮಗೆ ಪರಿಚಿತವಾಗಿಸಿದರು. ಅಂಬಿಗನು ನಮ್ಮನ್ನಿಳಿಸಿ ಮತ್ತೊಬ್ಬರನ್ನು ಕರೆತರಲು ಆಚೆಯ ದಡಕ್ಕೆ ಮರಳುತ್ತಾನೆ. ಅವನ ಅಗಲಿಕೆಯು ಶೋಕಕ್ಕೆ ಕಾರಣವಲ್ಲ. ವ್ಹಿಟ್ಮನ್ನನ ನಾವಿಕನಿಗೆ ಮರಳುವ ದಾರಿಯಿಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ರಣರಂಗದಲ್ಲಿ ನಡೆಯುತ್ತ ತನಗಾಗಿ ಮಡಿದ ದ್ರೋಣ, ಕರ್ಣ ಮೊದಲಾದವರನ್ನು ಕಂಡು ಮರುಗುತ್ತಾನೆ. ಅಲ್ಲಿ ಒಡೆಯನು ಬದುಕಿ ಆಳುಗಳಿಗಾಗಿ ಅಳುತ್ತಾನೆ. ಇಲ್ಲಿ ಆಳು ಉಳಿದು ಒಡೆಯನಿಗಾಗಿ ಅಳುತ್ತಾನೆ. ಪ್ರಜಾಪ್ರಭುತ್ವದ ಶೋಕಗೀತೆಯು ಹೀಗೆಯೇ ಇರಬೇಕಷ್ಟೆ.

ನಮ್ಮ ದೇಶಕ್ಕೂ ಇಂಥ ಸಂಜೆಯೊಂದು ಬಂದಿತು. 1948ನೆಯ ಜನವರಿ 30ರಂದು ಮಹಾತ್ಮಾ ಗಾಂಧಿಯವರು ದೆಹಲಿಯ ಪ್ರಾರ್ಥನಾಸಭೆಗೆ ನಡೆಯುತ್ತಿದ್ದಾಗ ಗುಂಡಿಗೆ ಬಲಿಯಾದರು. ಅಂದು ರಾತ್ರಿ ಆಕಾಶವಾಣಿಯಲ್ಲಿ ಮಾತನಾಡಿದ ಪಂಡಿತ ನೆಹರೂ ಅವರಿಗೆ ಹೊಳೆದದ್ದು ಹಡಗಲ್ಲ, ದೀಪ. ಬೆಳಕು ಆರಿತೆಂದು ಹೇಳಿ, ಕೂಡಲೇ ತಾನು ಹೇಳಿದ್ದು ತಪ್ಪೆಂದರು. ಆ ಬೆಳಕು ಸಾಧಾರಣದ್ದಲ್ಲವೆಂದೂ ಸಾವಿರ ವರುಷಗಳ ನಂತರವೂ ಕಾಣುವದೆಂದೂ ಆ ರೂಪಕವನ್ನೇ ಮುಂದುವರಿಸಿದರು. ಕಟ್ಟಿದ ರೂಪಕವನ್ನು ಕೇಳುವವರ ಎದುರಿಗೇ ಒಡೆದು ಮತ್ತೆ ಕಟ್ಟಿದ್ದು ನನಗೆ ವ್ಹಿಟ್ಮನ್ನನ ತಂದೆಯೆಂಬ ಕೂಗನ್ನು ನೆನಪಿಗೆ ತರುತ್ತದೆ. ಗಾಂಧಿಯವರನ್ನು ದೇಶವು ಕರೆಯುತ್ತಿದ್ದುದೂ ಬಾಪು ಎಂದೇ ಅಲ್ಲವೇ?

ಆದರೆ ಹಡಗಿನ ರೂಪಕವನ್ನು ನಮ್ಮ ಭಾಗಕ್ಕೆ ಅನ್ವಯಿಸಲು ಹೋದರೆ ಒಂದು ತೊಡಕುಂಟು. ದೆಹಲಿಯ ದೃಷ್ಟಿಯಿಂದ 1947ನೆಯ ಆಗಸ್ಟ್ 15ಕ್ಕೇ ಹಡಗು ಬಂದರವನ್ನು ಕಂಡಿತ್ತು. ಕಲಬುರಗಿಯು ಆಗ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿತ್ತು. ಬಾಪೂಜಿಯವರು ಬಿದ್ದ ದಿನ ನಮ್ಮ ಹರಿಗೋಲು ನಡುನೀರಿನಲ್ಲಿಯೇ ಇತ್ತು. ರಜಾಕಾರರ ಹಾವಳಿಯಿಂದ ಹಳ್ಳಿಗಳು ನಡುಗುತ್ತಿದ್ದವು. ಬೀದರ ಜಿಲ್ಲೆಯ ಗೋರ್ಟಾದ ಹತ್ಯಾಕಾಂಡವು ನಡೆದದ್ದು ಅದೇ 1948ರ ಮೇ ತಿಂಗಳಲ್ಲಿ. ಸೆಪ್ಟೆಂಬರ 13ರಂದು ಭಾರತದ ಸೇನೆಯು ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ನಮ್ಮ ದಡವು ಬಂದಿತು.

ಆ ದಡದಲ್ಲಿ ಬಾರಿಸಿದ ಗಂಟೆಗಳ ಕಥೆಯನ್ನು ನಾವು ಪ್ರತಿವರುಷವೂ ಕೇಳುತ್ತೇವೆ, ಕೇಳುವದು ಯೋಗ್ಯವೇ. ಅದೇ ವಾರಗಳಲ್ಲಿ ಪ್ರತೀಕಾರಕ್ಕೆ ಸಿಕ್ಕು ನಿರಪರಾಧಿಗಳಾದ ಮುಸಲ್ಮಾನರು ಬಹುಸಂಖ್ಯೆಯಲ್ಲಿ ಪ್ರಾಣ ಕಳೆದುಕೊಂಡರೆಂಬುದನ್ನು ನಾವು ಕಡಿಮೆ ಕೇಳುತ್ತೇವೆ. ಇದನ್ನು ವಿಚಾರಿಸಲು ನೆಹರೂ ಅವರೇ ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಿದ್ದರು. ಅತಿಯಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ, ಬೀದರ, ನಾಂದೇಡಗಳೊಡನೆ ನಮ್ಮ ಕಲಬುರಗಿಯನ್ನೂ ಆ ಸಮಿತಿಯು ಹೆಸರಿಸಿತು. ಆ ವರದಿಯು ಸಾರ್ವಜನಿಕರ ಓದಿಗೆ ದೊರೆತದ್ದು 2013ರಲ್ಲಿ. ಗೋರ್ಟಾದ ರಕ್ತವನ್ನು ನೆನೆದು ಈ ರಕ್ತವನ್ನು ಮರೆಯುವದೂ, ಇದನ್ನು ನೆನೆದು ಅದನ್ನು ಮರೆಯುವದೂ ದಂಡೆಯವರ ದೃಷ್ಟಿ. ಹಡಗಿನ ಮೇಲಿದ್ದವನಿಗೆ ಎರಡೂ ಕಾಣಬೇಕು. ಯಾವ ಮಾತಿಗಾಗಿ ಬಾಪೂಜಿಯವರು ಜನವರಿಯಲ್ಲಿ ಪ್ರಾಣವನ್ನು ಕೊಟ್ಟರೋ ಆ ಮಾತು ಸೆಪ್ಟೆಂಬರದೊಳಗೆ ನಮ್ಮ ದಡದಲ್ಲಿ ಕೇಳಿಸದಾಗಿತ್ತು. ಈ ಮಂಗಲಸಮಯದಲ್ಲಿ ಇದನ್ನು ಆಡಿದ್ದಕ್ಕೆ ಹಿರಿಯರು ಕ್ಷಮಿಸಬೇಕು. ಆಡದೆ ಬಿಟ್ಟಿದ್ದರೆ ಈ ಕವಿತೆಯ ಅರ್ಧವನ್ನೇ ನಾನು ಓದಿದಂತಾಗುತ್ತಿತ್ತು.

ನಾನು ವಾಸಿಸುವದು ರೋಜಾದಲ್ಲಿ. ರೌಜಾ ಎಂಬ ಅರಬೀ ಶಬ್ದಕ್ಕೆ ತೋಟವೆಂದರ್ಥ. ಮಹಾತ್ಮರ ಸಮಾಧಿಗೂ ಅದೇ ಹೆಸರು ಸಂದಿತು. 1422ರಲ್ಲಿ ದೇಹವಿಟ್ಟ ಖ್ವಾಜಾ ಬಂದೇ ನವಾಜರ ದರ್ಗಾದ ಸುತ್ತಣ ಓಣಿಗಳಿಗೆ ಹೀಗೆ ತೋಟದ ಹೆಸರು ಬಂದಿದೆ. ಗೋರಿಯನ್ನು ತೋಟವೆಂದದ್ದೂ ಒಂದು ರೂಪಕವೇ. ನಾವು ಟಾಂಗಾದವನಿಗೂ ಆಟೋದವನಿಗೂ ದಿನಾಲು ಹೇಳಿ ಹೇಳಿ ಅದು ರೂಪಕವೆಂಬುದೇ ಮರೆತುಹೋಗಿದೆ.

ವ್ಹಿಟ್ಮನ್ನನಿಗೆ ತನ್ನ ಗೀತೆಯ ವಿಷಯದಲ್ಲಿಯೂ ಇಂಥದೇ ಬೇಸರವಿತ್ತು. ಛಂದಸ್ಸನ್ನು ಬಿಟ್ಟು ಬರೆದು ಹೆಸರಾದವನ ಈ ಪ್ರಾಸಬದ್ಧ ಪದ್ಯವನ್ನೇ ಜನರು ಎಲ್ಲೆಲ್ಲಿಯೂ ಕೇಳುತ್ತಿದ್ದರು. ಬರೆಯಬಾರದಾಗಿತ್ತೇನೋ ಎಂಬಷ್ಟು ಆತನು ರೋಸಿದ್ದುಂಟು. ಆದರೂ 1879ರಿಂದ 1890ರ ವರೆಗೆ ಲಿಂಕನ್ನನ ಸ್ಮರಣೆಯ ಉಪನ್ಯಾಸಗಳನ್ನು ಮಾಡಿದಾಗ, ಕೇಳಿದವರ ಸಲುವಾಗಿ ಇದನ್ನು ಓದುತ್ತಿದ್ದನು.

ಗೀತೆಯ ಕಡೆಯಲ್ಲಿ ಆ ನಾವಿಕನ ಮಗನಂಥವನು ಗಂಟೆಗಳನ್ನು ನಿಲ್ಲಿಸಿರೆಂದು ಕೇಳಿಕೊಳ್ಳುವದಿಲ್ಲ, ಬಾರಿಸಿರೆಂದೇ ಹೇಳುತ್ತಾನೆ. ತಾನು ಮಾತ್ರ ಹಲಗೆಗಳ ಮೇಲೆ ಭಾರವಾದ ಹೆಜ್ಜೆಗಳನ್ನಿಡುತ್ತ ತಿರುಗುತ್ತಾನೆ. ದಂಡೆಗಿಳಿದನೆಂದು ಕವಿಯು ಹೇಳಿಲ್ಲ. ಸೆಪ್ಟೆಂಬರ 17ರ ಬೆಳಿಗ್ಗೆ ನಮ್ಮ ಓಣಿಯ ಎರಡೂ ಮತದ ಮಕ್ಕಳು ಧ್ವಜವಂದನೆಗೆ ಹೋಗುವಾಗ ನಾನೂ ಅವರ ಹಿಂದೆ ಹೋಗುತ್ತೇನೆ. ಆಗ ನನಗೆ ಆ ಹೆಜ್ಜೆಗಳ ಸಪ್ಪಳವೂ ಕೇಳಿದಂತಾಗುತ್ತದೆ.