ನಡುಬಾವಿಯ ಹಿತ್ತಲು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಾಡು-ನುಡಿಗಳ ವಿಷಯವಾಗಿ ಅಧಿಕಾರದಿಂದ ಮಾತನಾಡಬಲ್ಲವರು ಈ ವೇದಿಕೆಯ ಮೇಲೆ ಅನೇಕರಿದ್ದಾರೆ. ನಾನು ಆ ಸಾಲಿನವನಲ್ಲ. ಒಂದು ಹಳೆಯ ಭಾವಚಿತ್ರದ ಕತೆಯನ್ನು ನಿಮ್ಮ ಮುಂದಿಟ್ಟು ಕುಳಿತುಕೊಳ್ಳುವೆನು. ಅದು ನಮ್ಮ ಕಾರ್ಯದರ್ಶಿಗಳು ಕೇಳಿದ ಒಂದು ಪ್ರಶ್ನೆಯಿಂದ ಹುಟ್ಟಿದ ಕತೆ.

ಈ ಸ್ಮರಣ ಸಂಚಿಕೆಗಾಗಿ ಅವರು ಹಳೆಯ ಕನ್ನಡ ಮನೆತನಗಳ ಚಿತ್ರಗಳನ್ನು ಕೂಡಿಸುತ್ತಿದ್ದರು. ನಮ್ಮ ತಂದೆಯವರು ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ದೊರೆತ ಚಿತ್ರವೊಂದನ್ನು ನಾನು ಕೊಡಲು ಒಪ್ಪಿದೆನು. "ಇದರ ಕೆಳಗೆ ಏನೆಂದು ಅಚ್ಚು ಹಾಕೋಣ?" ಎಂದು ಅವರು ಕೇಳಿದರು. "ಗಡಹಿಂಗ್ಲಜದ ನಮ್ಮ ಮನೆ, ನಡುವೆ ನಿಂತವರು ನಮ್ಮ ಮುತ್ತಜ್ಜಿ" ಎಂದು ಹೇಳಹೊರಟವನು ಅಲ್ಲಿಯೇ ತಡೆದೆನು. ಮುತ್ತಜ್ಜಿಯ ಚಿತ್ರ ನಮ್ಮಲ್ಲಿ ಬೇರೊಂದಿಲ್ಲ. ಅಚ್ಚಾದ ಮಾತು ಮುಂದಿನವರಿಗೆ ಪ್ರಮಾಣವಾಗಿಬಿಡುತ್ತದೆ. ನನಗಾದರೋ ಅದು ಕೇಳಿದ ಮಾತು, ಕಂಡ ಮಾತಲ್ಲ.

ಚಿತ್ರ ಅಂಗೈಯಗಲಕ್ಕಿಂತ ತುಸು ದೊಡ್ಡದು. ಒಂದು ಹಿತ್ತಲು, ನಡುವೆ ಕಲ್ಲು ಕಟ್ಟಿದ ಬಾವಿ, ಅದಕ್ಕೊಂದು ಕಲ್ಲುಕಂಬ. ಹಿಂದೆ ಹೆಂಚಿನ ಮನೆಯೊಂದರ ಹಿಂಗೋಡೆ, ಅದರಲ್ಲಿ ದೀಪದ ಗೂಡು. ಏಳು ಜನ ಹೆಂಗಸರಿದ್ದಾರೆ. ಮೂವರು ಕಚ್ಚೆಯ ಸೀರೆ ಉಟ್ಟವರು, ನಾಲ್ವರು ಕಚ್ಚೆಯಿಲ್ಲದೆ ಉಟ್ಟವರು. ಎಡತುದಿಯಲ್ಲಿ ಒಬ್ಬಳು ತಲೆತಗ್ಗಿಸಿ ಕುಳಿತಿದ್ದಾಳೆ. ಸೆರಗು ಮುಖವನ್ನು ಅರ್ಧ ಮರೆಸಿದೆ. ಬಲಗಡೆಗೆ ಕೋಲುಗಳ ಮೇಲಿಂದ ಸಣ್ಣ ಎಳೆಗಳು ಇಳಿಬಿದ್ದಿವೆ. ಮುಂಭಾಗದ ನೆಲದ ಮೇಲೆ ಒಂದು ಕಪ್ಪು ನೆರಳು.

ಇದೆಲ್ಲಿಯ ಹಿತ್ತಲು? ನಮ್ಮ ಮನೆಯಲ್ಲಿಯೇ ಮೂರು ಮತಗಳಿದ್ದವು. ರಾಜಾರಾಮ ಕಾಲೇಜಿನಲ್ಲಿ ಓದಿದ ನಮ್ಮ ಕಾಕಾ ಅವರು, "ಕಚ್ಚೆಯ ಸೀರೆ ನೋಡು, ಇದು ಕೊಲ್ಲಾಪುರ" ಎಂದರು. ನನ್ನ ಅಕ್ಕ ಆ ಎಳೆಗಳಿಗೆ ಬೆರಳಿಟ್ಟು, "ಇದು ನೂಲಿನ ಹಾಸು, ಅಜ್ಜಿಯ ತವರು ಇಚಲಕರಂಜಿ" ಎಂದಳು. 1904ರಲ್ಲಿ ಮೊದಲ ವಿದ್ಯುನ್ಮಗ್ಗ ಬಂದ ಊರು ಅದು. ಅದಕ್ಕೂ ಮುಂಚೆ ಕೈಮಗ್ಗದ ಊರು. ಆಕೆಯ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಗಡಹಿಂಗ್ಲಜ ಎಂಬುದು ತಂದೆಯವರ ಮಾತು. ಚಿತ್ರ ತೆಗೆದಾಗ ಈ ಮೂವರಲ್ಲಿ ಒಬ್ಬರೂ ಹುಟ್ಟಿರಲಿಲ್ಲ.

ಕೊಲ್ಲಾಪುರದ ಸೀಮೆಯಲ್ಲಿ ಶಿಲಾಹಾರರ ಕಾಲದ ಕನ್ನಡ ಶಾಸನಗಳುಂಟು. ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿಯೂ ಕನ್ನಡ ಶಾಸನಗಳನ್ನು ನೀವು ಕಂಡಿರುವಿರಿ. ಶಾಸನವು ಅರಸನ ಹೆಸರನ್ನೂ ಶಕವರ್ಷವನ್ನೂ ತಾನೇ ಹೇಳುತ್ತದೆ. ಹಿತ್ತಲಿಗೆ ಶಾಸನ ಹಾಕಿಸುವವರಾರು? ಅಲ್ಲಿಯ ಕಲ್ಲು, ಇಳಿಜಾರು, ಬಿಸಿಲುಗಳನ್ನೇ ಓದಿಕೊಳ್ಳಬೇಕು.

ಆದರೂ ಚಿತ್ರದ ಮುಖಕ್ಕಿಂತ ಮೊದಲು ಬೆನ್ನನ್ನು ನೋಡುವುದು ಒಳ್ಳೆಯದು. ನಮ್ಮ ಚಿತ್ರದ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಒಂದು ಮೋಡಿ ಸಾಲಿದೆ. ಕೊಲ್ಲಾಪುರ ಸಂಸ್ಥಾನದ ಕಾಗದಪತ್ರಗಳು ಮೋಡಿಯಲ್ಲಿರುತ್ತಿದ್ದವು. ನಮ್ಮ ಮನೆಯ ಅಂಗಡಿಯ ಲೆಕ್ಕವೂ ಮೋಡಿಯಲ್ಲಿಯೇ ಇತ್ತು. ಕೈಯೆತ್ತದೆ ಬರೆಯುವ ಆ ಲಿಪಿಯನ್ನು ಬಲ್ಲ ಹಿರಿಯರೊಬ್ಬರು ಓದಿಕೊಟ್ಟರು: "ಶಕೆ 1856, ಚೈತ್ರ, ಮಧಲೀ". ಮುಂದಿನ ಮಾತು ಅಳಿಸಿಹೋಗಿತ್ತು. ಶಕವರ್ಷಕ್ಕೆ 78 ಕೂಡಿಸಿದರೆ 1934. ಚೈತ್ರವೆಂದರೆ ಮಾರ್ಚ್-ಏಪ್ರಿಲ್ ಸುಮಾರು. 'ಮಧಲೀ' ಎಂದರೆ ಮರಾಠಿಯಲ್ಲಿ 'ನಡುವಿನವಳು'. ನಡುವೆ ನಿಂತವಳೇ ಮುತ್ತಜ್ಜಿಯೆಂದು ನಾವು ನಿಶ್ಚಯಿಸಿದ್ದು ಈ ಒಂದು ಪದದ ಬಲದಿಂದ.

ಮುಂದೆ ಕಲ್ಲಿನ ಸಾಕ್ಷಿ. ಭೂತಗಾಜು ಹಿಡಿದು ನೋಡಿದರೆ ಬಾವಿಯ ಕಟ್ಟೆಯ ಕಲ್ಲುಗಳ ಮೈತುಂಬ ತೂತುಗಳು. ಇಚಲಕರಂಜಿಯು ಪಂಚಗಂಗೆಯ ಕರಿಮಣ್ಣಿನ ಬಯಲು. ಅಲ್ಲಿ ಸಹಜವಾಗಿ ಸಿಕ್ಕುವುದು ನುಣುಪಾದ ಕರಿಕಲ್ಲು. ತೂತುತೂತಾದದ್ದು ಜಂಬಿಟ್ಟಿಗೆ, ಅಂದರೆ ನಮ್ಮ ಜನ ಹೇಳುವ ಜಾಂಬಾ ಕಲ್ಲು. ಅದು ಗಡಹಿಂಗ್ಲಜದ ಹತ್ತಿರದ ಸಾಮಾನಗಡದಲ್ಲಿಯೂ ಆಜರೆ, ಚಂದಗಡಗಳ ಕಡೆಗೂ ಉಂಟು. ಮಾಡಿನ ಮಾತೂ ಹಾಗೆಯೇ. ಈ ಜಿಲ್ಲೆಯ ಪಶ್ಚಿಮದ ಗಗನಬಾವಡೆಯಲ್ಲಿ ವರ್ಷಕ್ಕೆ 5,000 ಮಿ.ಮೀ.ಗೆ ಮಿಗಿಲಾದ ಮಳೆ; ಪೂರ್ವದ ಶಿರೋಳದಲ್ಲಿ ಅದರ ಎಂಟು-ಹತ್ತರಲ್ಲಿ ಒಂದು ಪಾಲು. ಪಶ್ಚಿಮಕ್ಕೆ ಸರಿದಂತೆ ಮಾಡು ಕಡಿದಾಗುತ್ತದೆ, ಸೂರು ಗೋಡೆಯಿಂದ ಮುಂದೆ ಚಾಚುತ್ತದೆ. ಚಿತ್ರದ ಮನೆಯ ಸೂರು ಚೆನ್ನಾಗಿ ಚಾಚಿದೆ. ಇವೆರಡೂ ಗಡಹಿಂಗ್ಲಜದ ಕಡೆಗೆ ಬೆರಳು ತೋರಿದವು. ಆದರೆ ಕಲ್ಲನ್ನು ಚಕ್ಕಡಿಯಲ್ಲಿ ಒಯ್ಯಬಹುದು, ಮಾಡನ್ನು ಮನಬಂದಂತೆ ಕಟ್ಟಬಹುದು. ಇದು ಸಂಭವವೇ ಹೊರತು ನಿರ್ಣಯವಲ್ಲ.

ಸಂಕೇಶ್ವರದಲ್ಲಿ ನನ್ನ ಸೋದರತ್ತೆ ಇದ್ದಾಳೆ. ವಯಸ್ಸು 88, ಕಣ್ಣು ಮಂಜಾಗಿವೆ. ಕಾಣದವಳಿಗೆ ಚಿತ್ರ ತೋರಿಸುವುದೇಕೆಂದು ನಾವಾರೂ ಆಕೆಯನ್ನು ಕೇಳಿರಲಿಲ್ಲ. ಒಂದು ದಿನ ಮಾತಿಗೆ ಮಾತು ಬಂದು ಆ ಮೋಡಿ ಸಾಲನ್ನು ಹೇಳಿದೆನು. ಆಕೆ ನಕ್ಕಳು.

"ಮಧಲೀ ಅಂದ್ರ ಹೆಣಮಗಳಲ್ಲೋ ತಮ್ಮಾ, ಬಾವಿ! ಮಧಲೀ ವಿಹೀರ. ನಮ್ಮ ನಡುಬಾವಿ. ಅವರದೊಂದು ಮನಿ, ನಮ್ಮದೊಂದು ಮನಿ, ನಡುವ ಬಾವಿ."

ಮರಾಠಿಯಲ್ಲಿ ಬಾವಿ ಸ್ತ್ರೀಲಿಂಗವೆಂಬುದನ್ನು ದಿನವೂ ಆ ಭಾಷೆಯಾಡುವ ನಾವು ಮರೆತಿದ್ದೆವು! ನಾನು ಚಿತ್ರದಲ್ಲಿದ್ದುದನ್ನು ಒಂದೊಂದಾಗಿ ಹೇಳುತ್ತ ಹೋದೆನು. ಎಳೆಗಳ ಮಾತು ಬಂದೊಡನೆ, "ಅದು ನೂಲಲ್ಲ, ಶ್ಯಾವಿಗಿ" ಎಂದಳು. ಬೇಸಗೆಯ ಬಿಸಿಲಿನಲ್ಲಿ ನೆರೆಹೊರೆಯ ಹೆಂಗಸರು ಸರದಿಯಂತೆ ಒಬ್ಬರ ಮನೆಯ ಶಾವಿಗೆಯನ್ನು ಎಲ್ಲರೂ ಕೂಡಿ ಮಾಡುತ್ತಿದ್ದುದು ನಿಮಗೆ ಗೊತ್ತಿದೆ. ಮಣೆಯ ಮೇಲೆ ಕುಳಿತು ಒಬ್ಬಳು ಹಿಟ್ಟನ್ನು ಹೊಸೆಯುವಳು. ಇನ್ನೊಬ್ಬಳು ಎಳೆ ಹಿಡಿದು ಕೋಲಿನ ಮೇಲೆ ಹರವುವಳು. ಚೈತ್ರಮಾಸಕ್ಕೂ ಅದು ಸರಿಹೊಂದುತ್ತದೆ.

ಆ ಮೇಲೆ ಅತ್ತೆ ಒಂದು ಪ್ರಶ್ನೆ ಕೇಳಿದಳು: "ಮಣಿ ಮ್ಯಾಲೆ ಕುಂತಾಕಿ ಯಾವ ಕೈಲೆ ಹೊಸೀತಾಳ?" ಗಾಜು ಹಿಡಿದು ನೋಡಿದೆನು. ಎಡಗೈ. "ಹಂಗಾರ ಆಕೀನ ನಮ್ಮ ಆಯಿ. ಓಣ್ಯಾಗ ಎಡಚಿ ಅಂದ್ರ ಆಕಿ ಒಬ್ಬಾಕಿ." "ಇಷ್ಟು ವರ್ಷ ಹೇಳಲಿಲ್ಲವಲ್ಲ ಅತ್ತಿ?" ಎಂದರೆ, "ಯಾರು ಕೇಳಿದ್ರು?" ಎಂದಳು.

ಕೇಳಿ ನನ್ನ ಗಂಟಲು ಕಟ್ಟಿತು. ಆದರೆ ಸಂಶಯ ಹೋಗಲಿಲ್ಲ. ಭಾವಚಿತ್ರದ ಮೂಲಪ್ರತಿಯನ್ನು ತಿರುವಿಟ್ಟು ಮುದ್ರಿಸಿದರೆ ಎಡವು ಬಲವಾಗುತ್ತದೆ, ಬಲವು ಎಡವಾಗುತ್ತದೆ. ಹಾಗೆ ತಿರುವುಮುರುವಾದ ಚಿತ್ರಗಳು ಎಷ್ಟೋ ಇವೆ. ಚಿತ್ರ ನೇರವಾಗಿದೆಯೆಂದು ತಿಳಿಯಲು ಆ ಸ್ಥಳದಲ್ಲಿಯೇ ಹೋಗಿ ನಿಲ್ಲಬೇಕು. ಎಲ್ಲಿಯ ಚಿತ್ರವೆಂಬ ಪ್ರಶ್ನೆಗೂ ಯಾರ ಚಿತ್ರವೆಂಬ ಪ್ರಶ್ನೆಗೂ ಹೀಗೆ ಒಂದೇ ಬೀಗದಕೈ ಆಯಿತು.

ಅತ್ತೆ ಹೇಳಿದ ಓಣಿಯನ್ನು ಹುಡುಕಿಕೊಂಡು ಗಡಹಿಂಗ್ಲಜಕ್ಕೆ ಹೋದೆನು. ನಮ್ಮ ಮನೆ ಎಂದೋ ಮಾರಿಹೋಗಿ, ಅಲ್ಲಿ ಸಿಮೆಂಟಿನ ಕಟ್ಟಡವೆದ್ದಿದೆ. ಹಿಂದಿನ ಹಿತ್ತಲಿನಲ್ಲಿ ಬಾವಿ ಮಾತ್ರ ಇದೆ. ಮೇಲೆ ಕಬ್ಬಿಣದ ಜಾಳಿಗೆ, ಒಳಗೆ ಪಂಪು. ಎರಡು ಹಿತ್ತಲುಗಳ ನಡುವೆ ಈಗ ಎದೆಯೆತ್ತರದ ಗೋಡೆಯಾಗಿದೆ. ಅದು ಬಾವಿಯವರೆಗೆ ಬಂದು ನಿಂತು, ಬಾವಿಯ ಆಚೆ ಮತ್ತೆ ಮುಂದುವರಿಯುತ್ತದೆ. ಗೋಡೆಯ ಆಚೆಗೆ ನೆರೆಯವರ ಹಳೆಯ ಮನೆ ಇನ್ನೂ ನಿಂತಿದೆ. ನನ್ನನ್ನು ಕಂಡು ಆ ಮನೆಯ ಮರಾಠಿ ಮುದುಕಿಯೊಬ್ಬರು ಕನ್ನಡದಲ್ಲಿಯೇ, "ಬರ್ರಿ, ಒಳಗ ಬರ್ರಿ" ಎಂದು ಕರೆದರು.

ಚಿತ್ರಗಾರನು ನಿಂತ ಜಾಗವನ್ನು ಕಂಡುಹಿಡಿಯುವ ಕ್ರಮ ಸುಲಭವಾದುದು. ಚಿತ್ರದಲ್ಲಿ ಹತ್ತಿರದ ಸ್ಥಿರವಸ್ತುವೊಂದು ದೂರದ ಇನ್ನೊಂದಕ್ಕೆ ನೇರವಾಗಿ ಕಾಣುವುದನ್ನು ಗುರುತಿಸಬೇಕು. ಸ್ಥಳದಲ್ಲಿ ಅವೆರಡೂ ಅದೇ ರೀತಿ ಕೂಡುವವರೆಗೆ ಸರಿಯುತ್ತ ಹೋದರೆ ಒಂದು ಗೆರೆ ಸಿಕ್ಕುತ್ತದೆ. ಇನ್ನೊಂದು ಜೋಡಿಯಿಂದ ಇನ್ನೊಂದು ಗೆರೆ. ಎರಡು ಗೆರೆಗಳು ಕೂಡಿದಲ್ಲಿ ಕ್ಯಾಮರಾ ಇದ್ದಿತು. ಬಾವಿಯ ಕಲ್ಲುಕಂಬವು ದೀಪದ ಗೂಡಿನ ಎಡ ಅಂಚಿಗೆ ತಾಕಿದಂತೆ ಕಾಣುವವರೆಗೆ ಸರಿದೆನು. ಕಟ್ಟೆಯ ಒಡೆದ ಮೂಲೆಗಲ್ಲು ಮನೆಯ ಬಲತುದಿಯ ಕೆಳಗೆ ಬರುವವರೆಗೆ ಹಿಂದೆಮುಂದೆ ಆದೆನು. ಎರಡೂ ಕೂಡಿದವು. ಕಂಬ ಎಡಕ್ಕೆ, ಒಡೆದ ಕಲ್ಲು ಬಲಕ್ಕೆ, ಚಿತ್ರದಲ್ಲಿದ್ದಂತೆಯೇ. ಚಿತ್ರ ತಿರುವುಮುರುವಾಗಿರಲಿಲ್ಲ. ಎಡಗೈ ಎಡಗೈಯೇ. ಸೆರಗಿನಲ್ಲಿ ಅರ್ಧ ಮರೆಯಾದ ಆ ಮುಖವೇ ನಮ್ಮ ಮುತ್ತಜ್ಜಿಯದು.

ಅಲ್ಲಿಯೇ ನಿಂತಾಗ ಇನ್ನೊಂದು ಸಂಗತಿ ಹೊಳೆಯಿತು. ನಾನು ಪಶ್ಚಿಮಕ್ಕೆ ಮುಖಮಾಡಿದ್ದೆನು. ಎದುರಿಗೆ ಇದ್ದುದು ನೆರೆಯವರ ಮನೆ. ಇಷ್ಟು ದಿನ 'ನಮ್ಮ ಮನೆ' ಎಂದು ನಾವು ತೋರಿಸುತ್ತಿದ್ದುದು ಅದನ್ನೇ. ನಮ್ಮ ಮನೆ ಚಿತ್ರಗಾರನ ಬೆನ್ನ ಹಿಂದೆ ಇತ್ತು. ಚೈತ್ರದಲ್ಲಿ ಸೂರ್ಯನು ಹೆಚ್ಚುಕಡಿಮೆ ನೇರ ಪೂರ್ವದಲ್ಲಿ ಏಳುತ್ತಾನೆ. ಮುಂಜಾವಿನ ಬಿಸಿಲು ನಮ್ಮ ಮಾಡಿನ ಮೇಲಿಂದ ಬಾವಿಯ ಕಡೆಗೆ ಬೀಳುತ್ತಿತ್ತು. ಚಿತ್ರದ ಮುಂಭಾಗದ ಆ ಕಪ್ಪು ನೆರಳೇ ನಮ್ಮ ಮನೆ. ಕಚ್ಚೆಯ ಸೀರೆಯ ಮೂವರೂ, ನಡುವೆ ನಿಂತ ಆ ಗಂಭೀರ ಹೆಂಗಸೂ, ನೆರೆಮನೆಯವರು. ಚಿತ್ರವನ್ನು ಕೈಗಿತ್ತಾಗ ಆ ಮುದುಕಿ ಬಹಳ ಹೊತ್ತು ನೋಡಿದರು; ಅವರ ಮನೆಯ ಹಿರಿಯಳ ಚಿತ್ರ ಅವರಲ್ಲಿಯೂ ಒಂದೂ ಇರಲಿಲ್ಲವಂತೆ. ಅದರ ಪ್ರತಿಯೊಂದನ್ನು ಮಾಡಿಸಿ ಕಳಿಸಿದ್ದೇನೆ.

1934ರಲ್ಲಿ ಆ ಹಿತ್ತಲು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. 1949ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಸಂಕೇಶ್ವರ ಮೈಸೂರು ರಾಜ್ಯಕ್ಕೆ ಹೋಯಿತು, ಗಡಹಿಂಗ್ಲಜ ಇತ್ತಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರವಾಯಿತು. ಗಡಿಯ ಕನ್ನಡಿಗರಾದ ನಾವು ನಮ್ಮ ಹಕ್ಕನ್ನು ಬಿಡಲಾಗದು. ಶಾಲೆಗೂ ನುಡಿಗೂ ಈ ಸಂಘವು ದುಡಿಯುತ್ತಲೇ ಇರಬೇಕು. ಆದರೆ ನಮ್ಮದೆಂದು ಹೇಳುವಾಗ ನಮ್ಮದಲ್ಲದ ಮನೆಗೆ ಬೆರಳು ತೋರಿಸುವುದು ಬೇಡ, ನಮ್ಮವಳನ್ನು ಬಿಟ್ಟು ಬೇರೊಬ್ಬಳಿಗೆ ಕೈಮುಗಿಯುವುದೂ ಬೇಡ.

ಕಾರ್ಯದರ್ಶಿಗಳಿಗೆ ಈಗ ಒಕ್ಕಣೆಯನ್ನು ಬರೆದುಕೊಟ್ಟಿದ್ದೇನೆ: "ಗಡಹಿಂಗ್ಲಜ, 1934. ನಡುಬಾವಿ. ಹಿಂದೆ ಇರುವುದು ನೆರೆಯವರ ಮನೆ. ಎಡತುದಿಯಲ್ಲಿ ಶಾವಿಗೆ ಹೊಸೆಯುತ್ತಿರುವವರು ನಮ್ಮ ಮುತ್ತಜ್ಜಿ."

ನಿಮ್ಮಲ್ಲಿ ನನ್ನದೊಂದು ಬಿನ್ನಹ. ಇಂದು ಮನೆಗೆ ಹೋದೊಡನೆ ನಿಮ್ಮ ಟ್ರಂಕುಗಳನ್ನು ತೆರೆಯಿರಿ. ಚಿತ್ರಗಳ ಬೆನ್ನಿನ ಮೇಲೆ ಮೆತ್ತಗಿನ ಪೆನ್ಸಿಲಿನಿಂದ ಊರು, ಓಣಿ, ವರ್ಷ, ಹೆಸರುಗಳನ್ನು ಬರೆಯಿರಿ. ಬರೆಯುವ ಮೊದಲು ಮನೆಯ ಮೂಲೆಯಲ್ಲಿ ಕಣ್ಣು ಕಾಣದೆ ಕುಳಿತವರನ್ನು ಕೇಳಿರಿ. ನಾವು ಕೇಳಲು ತಡಮಾಡಿದೆವು, ಅತ್ತೆ ಕಾದುಕೊಂಡಿದ್ದಳು. ಎಲ್ಲರೂ ಹಾಗೆ ಕಾಯಲಾರರು.