ಅಟ್ಟ ಸೇರಿದ ಗಿಟಾರ್ ಕೆಳಗಿಳಿದ ಕಥೆ: ಹೊಸದಾಗಿ ಕಲಿಯೋರಿಗೆ ಒಂದಿಷ್ಟು ಮಾತು

ಇವತ್ತಿನ ವಿಷಯ ಅಕೌಸ್ಟಿಕ್ ಗಿಟಾರ್. ಅಂದ್ರೆ ಕರೆಂಟು, ಸ್ಪೀಕರ್ ಏನೂ ಬೇಡದೆ ಮರದ ಡಬ್ಬಿಯಿಂದಲೇ ಸದ್ದು ಬರೋ ಗಿಟಾರ್. ಅದನ್ನ ಹೊಸದಾಗಿ ಕೈಗೆತ್ತಿಕೊಂಡವರು ಮೊದಲ ಮೂರು ತಿಂಗಳು ದಾಟೋದು ಹೇಗೆ ಅಂತ ಮಾತಾಡೋಣ. ನಾನು ಸಂಗೀತದ ಮೇಷ್ಟ್ರಲ್ಲ. ಒಂದು ಸಲ ಕೈ ಬಿಟ್ಟು, ಆರು ವರ್ಷ ಆದಮೇಲೆ ಮತ್ತೆ ಶುರು ಮಾಡಿದವನು. ಹಾಗಾಗಿ ಎಲ್ಲಿ ಎಡವುತ್ತೀವಿ ಅನ್ನೋದು ಚೆನ್ನಾಗಿ ನೆನಪಿದೆ.

ನಮ್ಮೂರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. 2014ರಲ್ಲಿ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಸೇರಿದೆ. ಹಾಸ್ಟೆಲ್‌ನಲ್ಲಿ ಸೀನಿಯರ್ ಒಬ್ಬರು ಸಂಜೆ ಹೊತ್ತು ಗಿಟಾರ್ ನುಡಿಸ್ತಿದ್ರು. ನನಗೂ ಬೇಕು ಅಂತ ಹಠ ಹಿಡಿದೆ. ಆ ವರ್ಷ ಅಡಿಕೆಗೆ ಒಳ್ಳೆ ರೇಟು ಬಂದಿತ್ತು. ಅಪ್ಪ ಜಾಸ್ತಿ ಮಾತಾಡದೆ ನಾಲ್ಕು ಸಾವಿರ ಕೈಗಿಟ್ಟರು. ಅಂಗಡಿಯಲ್ಲಿ ಬಣ್ಣ ನೋಡಿ ಒಂದು ಗಿಟಾರ್ ತಂದೆ. ಹೌದು, ಬಣ್ಣ ನೋಡಿ.

ಮೂರು ತಿಂಗಳು ಒದ್ದಾಡಿದೆ. ಬೆರಳ ತುದಿ ಉರಿ, ಒತ್ತಿದ್ರೆ ಸದ್ದು ಬರಲ್ಲ, ಬಂದ್ರೂ ಜರ್ ಅನ್ನುತ್ತೆ. ಸೀನಿಯರ್‌ನ ಕೇಳಿದ್ರೆ, "ಪ್ರಾಕ್ಟೀಸ್ ಮಾಡೋ, ಬರುತ್ತೆ" ಅಂದ್ರು. ಬರಲಿಲ್ಲ. ನನ್ನ ಬೆರಳು ಇದಕ್ಕೆ ಆಗಿಬಂದಿದ್ದಲ್ಲ ಅಂತ ತೀರ್ಮಾನ ಮಾಡಿ, ರಜೆಗೆ ಹೋದಾಗ ಅದನ್ನ ಮನೆ ಅಟ್ಟದ ಮೇಲೆ ಇಟ್ಟು ಬಂದೆ.

ಕಥೆ ಅಲ್ಲಿಗೇ ಮುಗಿದಿದ್ರೆ ನಷ್ಟ ನಾಲ್ಕು ಸಾವಿರ ಮಾತ್ರ. ಎರಡು ವರ್ಷ ಆದಮೇಲೆ ನನ್ನ ತಂಗಿ ಎಂಟನೇ ಕ್ಲಾಸಲ್ಲಿದ್ದಾಗ ವಯಲಿನ್ ಕ್ಲಾಸಿಗೆ ಸೇರಿಸಿ ಅಂತ ಕೇಳಿದಳು. ಅಪ್ಪ ತಲೆ ಎತ್ತಿ ಅಟ್ಟದ ಕಡೆ ತೋರಿಸಿದ್ರು. "ನೋಡು, ಅಣ್ಣನ ಗಿಟಾರ್ ಅಲ್ಲಿದೆ. ಮೊದ್ಲು ಅದು ಕೆಳಗಿಳೀಲಿ, ಆಮೇಲೆ ನಿನ್ನ ವಯಲಿನ್ ಮಾತು." ಅವಳು ಮತ್ತೆ ಕೇಳಲೇ ಇಲ್ಲ. ನಾನು ಅಲ್ಲೇ ಕೂತಿದ್ದೆ, ಒಂದು ಮಾತೂ ಆಡಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದಿದ್ದಾಗ ಅದನ್ನ ಇಳಿಸಿದೆ. ಮಲೆನಾಡಿನ ಆರು ಮಳೆಗಾಲ ಕಂಡ ತಂತಿ ತುಕ್ಕು ಹಿಡಿದಿತ್ತು. ಮುಂದಿನ ವರ್ಷ ಬೆಂಗಳೂರಿಗೆ ವಾಪಸ್ ಬರುವಾಗ ಜೊತೆಗೆ ತಂದು, ಬಳೇಪೇಟೆಯಲ್ಲಿ ರಿಪೇರಿ ಮಾಡೋರ ಹತ್ತಿರ ತಗೊಂಡು ಹೋದೆ. ಅವರು ಒಂದು ಸ್ಟೀಲ್ ಸ್ಕೇಲ್ ಇಟ್ಟು ಅಳತೆ ನೋಡಿ ನಕ್ಕರು. "ಇದನ್ನ ನಾನೇ ಒತ್ತೋಕಾಗಲ್ಲ ಸರ್. ಕಲಿಯೋರು ಹೇಗೆ ಒತ್ತುತ್ತಾರೆ?" ಅಂದ್ರು.

ಇವತ್ತು ನಾನು ಹೇಳಬೇಕು ಅಂತ ಬಂದಿರೋದು ಇದನ್ನೇ. ನನ್ನ ಕೈಲಿ ಆಗಲ್ಲ ಅನ್ನೋ ಮೊದಲು, ಕೈಲಿರೋ ಗಿಟಾರ್ ಸರಿ ಇದೆಯಾ ಅಂತ ನೋಡಿ.

ನೋಡೋದು ಹೇಗೆ? ಗಿಟಾರಿನ ಕುತ್ತಿಗೆ ಮೇಲೆ ಅಡ್ಡಡ್ಡಕ್ಕೆ ಲೋಹದ ಪಟ್ಟಿಗಳಿರುತ್ತವೆ. ಅವಕ್ಕೆ ಫ್ರೆಟ್ ಅಂತಾರೆ. ತಲೆ ಕಡೆಯಿಂದ ಎಣಿಸಿ ಹನ್ನೆರಡನೇ ಫ್ರೆಟ್ ಹತ್ತಿರ ಹೋಗಿ. ಆ ಪಟ್ಟಿಯ ಮೇಲ್ಭಾಗಕ್ಕೂ ತಂತಿಯ ಕೆಳಭಾಗಕ್ಕೂ ಎಷ್ಟು ಗ್ಯಾಪ್ ಇದೆ ಅಂತ ಸ್ಕೇಲ್‌ನಲ್ಲಿ ಅಳೆಯಿರಿ. ಈ ಗ್ಯಾಪಿಗೆ ಆ್ಯಕ್ಷನ್ ಅಂತ ಹೆಸರು. ದಪ್ಪ ತಂತಿ ಹತ್ತಿರ ಸುಮಾರು ಎರಡೂವರೆ ಮಿಲಿಮೀಟರ್, ತೆಳ್ಳಗಿನ ತಂತಿ ಹತ್ತಿರ ಎರಡು ಮಿಲಿಮೀಟರ್ ಆಸುಪಾಸು ಇದ್ದರೆ ಆರಾಮ. ಮೂರು ದಾಟಿದ್ರೆ ಹೊಸಬರಿಗೆ ಕಷ್ಟ. ನನ್ನದು ನಾಲ್ಕೂವರೆ ಇತ್ತು!

ಇದನ್ನ ಸರಿ ಮಾಡಬಹುದು. ತಂತಿ ಕೂರೋ ಸ್ಯಾಡಲ್ ಅನ್ನೋ ಬಿಳಿ ಪಟ್ಟಿಯನ್ನ ಕೆಳಗಿನಿಂದ ಉಜ್ಜಿ ತಗ್ಗಿಸ್ತಾರೆ. ಕುತ್ತಿಗೆ ಬಾಗಿದ್ರೆ ಒಳಗಿರೋ ಕಬ್ಬಿಣದ ಸರಳು ತಿರುಗಿಸಿ ನೇರ ಮಾಡ್ತಾರೆ. ಇದಕ್ಕೆ ಸೆಟಪ್ ಅಂತಾರೆ. ತಿಳಿದವರ ಹತ್ತಿರವೇ ಮಾಡಿಸಿ, ಮನೇಲಿ ಸ್ಪ್ಯಾನರ್ ಹಿಡ್ಕೊಂಡು ಪ್ರಯೋಗ ಬೇಡ. ಹೊಸದು ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಈ ಗ್ಯಾಪ್ ನೋಡಿ. ಆಗಲೇ ನುಡಿಸೋಕೆ ಬರುವ ಫ್ರೆಂಡ್ ಒಬ್ಬರನ್ನ ಅಂಗಡಿಗೆ ಕರ್ಕೊಂಡು ಹೋದರೆ ಇನ್ನೂ ಒಳ್ಳೇದು.

ಜೊತೆಗೆ ತಂತಿ. ಪ್ಯಾಕೆಟ್ ಮೇಲೆ 10, 11, 12 ಅಂತ ನಂಬರ್ ಇರುತ್ತೆ. ಅದು ಅತಿ ತೆಳುವಾದ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ. ಶುರುವಿಗೆ 10 ಅಥವಾ 11 ಹಾಕಿಸಿ, ಬೆರಳಿಗೆ ಸುಲಭ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ನಮ್ಮ ಮಲೆನಾಡು, ಕರಾವಳಿ ಕಡೆಯವರು ಮಳೆಗಾಲದಲ್ಲಿ ಗಿಟಾರನ್ನ ತೇವದ ಗೋಡೆಗೆ ಒರಗಿಸಿ ಇಡಬೇಡಿ.

ಈಗ ಶ್ರುತಿ. ದಪ್ಪ ತಂತಿಯಿಂದ ಶುರು ಮಾಡಿದ್ರೆ ಇ, ಎ, ಡಿ, ಜಿ, ಬಿ, ಇ. ಫೋನಲ್ಲಿ ಟ್ಯೂನರ್ ಆ್ಯಪ್ ಹಾಕ್ಕೊಳ್ಳಿ, ಫ್ರೀ ಸಿಗುತ್ತೆ. ದಿನಾ ಕೂತ ತಕ್ಷಣ ಮೊದಲ ಕೆಲಸ ಇದೇ. ಶ್ರುತಿ ತಪ್ಪಿದ ಗಿಟಾರಲ್ಲಿ ಸರಿಯಾಗಿ ನುಡಿಸಿದ್ರೂ ತಪ್ಪೇ ಕೇಳ್ಸುತ್ತೆ.

ಆಮೇಲೆ ಕಾರ್ಡ್, ಅಂದ್ರೆ ಬೇರೆ ಬೇರೆ ಸ್ವರಗಳನ್ನ ಒಟ್ಟಿಗೆ ನುಡಿಸೋದು. ಎಲ್ಲರೂ ಮೊದಲ ದಿನವೇ ಇಪ್ಪತ್ತು ಕಾರ್ಡಿನ ಚಾರ್ಟ್ ಡೌನ್‌ಲೋಡ್ ಮಾಡ್ತಾರೆ. ನಾನೂ ಮಾಡಿದ್ದೆ. ಬೇಡ. ಎರಡೇ ಎರಡು ಸಾಕು: ಎ ಮೈನರ್ ಮತ್ತು ಸಿ. ಯಾಕಂದ್ರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ತೋರುಬೆರಳು, ಮಧ್ಯದ ಬೆರಳು ಎರಡೂ ಇದ್ದಲ್ಲೇ ಇರುತ್ತವೆ. ಉಂಗುರದ ಬೆರಳು ಮಾತ್ರ ಜಾಗ ಬದಲಾಯಿಸುತ್ತೆ. ಅದು ಕೈಗೆ ಕೂತಮೇಲೆ ಇ ಮೈನರ್, ಜಿ, ಡಿ ಸೇರಿಸಿ. ಈ ಐದು ಬಂದ್ರೆ ಎಷ್ಟೋ ಹಾಡುಗಳಿಗೆ ಜೊತೆ ಕೊಡಬಹುದು.

ಒತ್ತುವಾಗ ಫ್ರೆಟ್ ಪಟ್ಟಿಯ ಮೇಲೆ ಒತ್ತಬೇಡಿ, ಎರಡು ಪಟ್ಟಿಗಳ ನಡುಮಧ್ಯವೂ ಬೇಡ. ಪಟ್ಟಿಗೆ ಇನ್ನೇನು ತಾಗಬೇಕು ಅನ್ನೋವಷ್ಟು ಹತ್ತಿರ, ಅದರ ಹಿಂದೆ ಒತ್ತಿ. ಅರ್ಧ ಬಲದಲ್ಲಿ ಸದ್ದು ಸ್ವಚ್ಛವಾಗಿ ಬರುತ್ತೆ. ಎಡಗೈ ಉಗುರು ಕತ್ತರಿಸಿರಲಿ. ಬೆರಳ ತುದಿ ಮೂರ್ನಾಲ್ಕು ವಾರ ನೋಯುತ್ತೆ, ಆಮೇಲೆ ಚರ್ಮ ಗಟ್ಟಿಯಾಗುತ್ತೆ. ಮಣಿಕಟ್ಟು ನೋವು ಬಂದ್ರೆ ಮಾತ್ರ ಆ ದಿನ ನಿಲ್ಲಿಸಿಬಿಡಿ, ಕೈ ಇಟ್ಟಿರೋ ರೀತಿ ತಪ್ಪಿರಬಹುದು.

ಪ್ರಾಕ್ಟೀಸ್ ಅಂದ್ರೆ ಏನು ಮಾಡೋದು? ಆಸ್ಟ್ರೇಲಿಯಾ ಮೂಲದ ಜಸ್ಟಿನ್ ಸ್ಯಾಂಡರ್ಕೋ ಅನ್ನೋ ಶಿಕ್ಷಕರಿದ್ದಾರೆ. ಅವರ ಜಸ್ಟಿನ್ ಗಿಟಾರ್ ವೆಬ್‌ಸೈಟಲ್ಲಿ ಹೊಸಬರ ಪಾಠಗಳು ಉಚಿತ. ಅವರು ಕಲಿಸೋ ಒಂದು ಅಭ್ಯಾಸ ನನ್ನನ್ನ ಉಳಿಸಿತು. ಫೋನಲ್ಲಿ ಒಂದು ನಿಮಿಷ ಟೈಮರ್ ಇಡಿ. ಎರಡು ಕಾರ್ಡ್ ನಡುವೆ ಎಷ್ಟು ಸಲ ಬದಲಾಯಿಸ್ತೀರಿ ಎಣಿಸಿ, ಬರೆದಿಡಿ. ನನಗೆ ಮೊದಲ ದಿನ ಬಂದಿದ್ದು ಒಂಬತ್ತು. ಮೂರನೇ ವಾರ ಮೂವತ್ತೊಂದು. ಬರ್ತಾ ಇದೆಯೋ ಇಲ್ವೋ ಅನ್ನೋ ಅನುಮಾನಕ್ಕೆ ನನ್ನ ನೋಟ್‌ಬುಕ್ಕೇ ಉತ್ತರ ಕೊಡ್ತು.

ದಿನಕ್ಕೆ ಹದಿನೈದು ನಿಮಿಷ ಸಾಕು, ಆದ್ರೆ ದಿನಾ. ಭಾನುವಾರ ಮೂರು ಗಂಟೆ ಕೂತು ವಾರವಿಡೀ ಬಿಟ್ರೆ ಬೆರಳಿನ ಚರ್ಮವೂ ಮೆತ್ತಗಾಗುತ್ತೆ, ಕೈಯೂ ಮರೆಯುತ್ತೆ. ಗಿಟಾರನ್ನ ಬ್ಯಾಗಲ್ಲಿ ಹಾಕಿ ಜಿಪ್ ಎಳೆಯಬೇಡಿ. ಕಣ್ಣಿಗೆ ಬೀಳೋ ಕಡೆ, ಕೈಗೆ ಎಟುಕೋ ಕಡೆ ಇಡಿ. ಚಹಾ ಕುದಿಯೋಷ್ಟರಲ್ಲಿ ಎರಡು ನಿಮಿಷ ನುಡಿಸಿದ್ರೂ ಲೆಕ್ಕಕ್ಕೆ ಸೇರುತ್ತೆ.

ಎಫ್ ಕಾರ್ಡ್ ಬಗ್ಗೆ ಹೇಳದಿದ್ರೆ ತಪ್ಪಾಗುತ್ತೆ. ತೋರುಬೆರಳನ್ನ ಅಡ್ಡ ಮಲಗಿಸಿ ಆರೂ ತಂತಿ ಒತ್ತಬೇಕು. ಎಷ್ಟೋ ಜನ ಬಿಡೋದು ಇಲ್ಲೇ. ಅದನ್ನ ಮೊದಲನೇ ಫ್ರೆಟ್‌ನಲ್ಲಿ ಶುರು ಮಾಡಬೇಡಿ, ಅಲ್ಲಿ ತಂತಿ ಬಿಗಿ ಅನ್ಸುತ್ತೆ. ಅದೇ ಆಕಾರವನ್ನ ಐದನೇ ಫ್ರೆಟ್‌ನಲ್ಲಿ ಹಿಡಿದು ನೋಡಿ, ಸುಲಭ. ಅಲ್ಲಿ ಕೂತಮೇಲೆ ವಾರಕ್ಕೊಂದು ಫ್ರೆಟ್ ಹಿಂದೆ ಬನ್ನಿ.

ನಮ್ಮ ಸಂಗೀತಕ್ಕೆ ಗಿಟಾರ್ ಹೊಂದುತ್ತಾ ಅಂತ ಕೆಲವರು ಕೇಳ್ತಾರೆ. ಮೈಸೂರಿನ ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದಗಳನ್ನ ಗಿಟಾರ್ ಹಿಡಿದು ಹಾಡಿದ್ದನ್ನ ನೀವು ಕೇಳಿರ್ತೀರಿ. ಅವರು ಭರತನಾಟ್ಯ ಕಲಿತವರು, ಮೈಕ್ರೋಬಯಾಲಜಿ ಓದಿದವರು, ಗಿಟಾರನ್ನ ತಾವೇ ಕಲಿತವರು.

ನಾನು ಅಷ್ಟು ದೂರ ಹೋಗಿಲ್ಲ. ಕಳೆದ ದೀಪಾವಳಿಗೆ ಊರಿಗೆ ಗಿಟಾರ್ ತಗೊಂಡು ಹೋಗಿದ್ದೆ. ಸಂಜೆ ಅಮ್ಮ ದೇವರನಾಮ ಹಾಡ್ತಿದ್ರು. ಅವರದು ಜಿ ಶ್ರುತಿ. ಕೇಪೋ ಅಂತ ಒಂದು ಕ್ಲಿಪ್ ಬರುತ್ತೆ, ಅದನ್ನ ಐದನೇ ಫ್ರೆಟ್‌ಗೆ ಹಾಕಿದೆ. ಆಗ ನಾಲ್ಕನೇ ತಂತಿ ಅಮ್ಮನ ಷಡ್ಜ ಆಗುತ್ತೆ, ಐದನೇ ತಂತಿ ಪಂಚಮ. ಆ ಎರಡೇ ತಂತಿ ತಂಬೂರಿ ಥರ ಮೀಟ್ತಾ ಕೂತೆ. ಎಡಗೈ ಬೆರಳು ಒಂದೂ ಬೇಕಾಗಲಿಲ್ಲ.

ಅಪ್ಪ ಜಗಲಿಯಲ್ಲಿ ಕೂತು ಕೇಳ್ತಿದ್ರು. ಹಾಡು ಮುಗಿದ ಮೇಲೆ ತಂಗಿ ಕಡೆ ತಿರುಗಿ, "ಆ ವಯಲಿನ್ ಎಷ್ಟಾಗುತ್ತಂತೆ, ವಿಚಾರಿಸು" ಅಂದ್ರು. ಅವಳು ನಕ್ಕು, "ಅಪ್ಪಾ, ನಂಗೀಗ ಇಪ್ಪತ್ತೆರಡು" ಅಂದಳು. "ನಿನ್ನ ಅಣ್ಣ ಶುರು ಮಾಡಿದ್ದು ಇಪ್ಪತ್ತೈದಕ್ಕೆ" ಅಂತ ಹೇಳಿ ಅಪ್ಪ ಒಳಗೆ ಹೋದ್ರು.

ಅವಳು ಈಗ ಕ್ಲಾಸಿಗೆ ಹೋಗ್ತಾಳೆ. ವಯಲಿನ್ ಕೊಳ್ಳೋಕೆ ನಾನೂ ಜೊತೆಗೆ ಹೋಗಿದ್ದೆ. ಬಣ್ಣ ನೋಡೋಕೆ ಬಿಡಲಿಲ್ಲ. ಅವಳ ಟೀಚರ್‌ನ ಕರ್ಕೊಂಡು ಹೋಗಿ ನುಡಿಸಿ ನೋಡಿಯೇ ತಂದ್ವಿ.

ನಿಮ್ಮ ಮನೇಲೂ ಅಟ್ಟದ ಮೇಲೋ ಬೀರು ಹಿಂದೆಯೋ ಒಂದು ಗಿಟಾರ್ ಇದ್ರೆ, ಈ ಭಾನುವಾರ ಕೆಳಗಿಳಿಸಿ. ಧೂಳು ಒರೆಸಿ, ಒಂದು ಸ್ಕೇಲ್ ತಗೊಳ್ಳಿ, ಹನ್ನೆರಡನೇ ಫ್ರೆಟ್ ಹತ್ತಿರ ಅಳೆಯಿರಿ. ಎಷ್ಟು ಬಂತು ಅಂತ ನಮಗೂ ಮೆಸೇಜ್ ಮಾಡಿ. ಮುಂದಿನ ಎಪಿಸೋಡ್‌ನಲ್ಲಿ ಮತ್ತೆ ಸಿಗೋಣ. ನಮಸ್ಕಾರ.