ಹಾಸಿಗೆಯ ಪಕ್ಕ ಕೂತವರಿಗಾಗಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)



ನನ್ನ ಮಗಳೂ ಇದೇ ಶಾಲೆಯ ವಿದ್ಯಾರ್ಥಿನಿ. ಎಂಟನೇ ತರಗತಿಯಲ್ಲಿದ್ದಾಗ ರಕ್ತದ ಕ್ಯಾನ್ಸರ್ ಬಂತು, ಅವಳು ಉಳಿಯಲಿಲ್ಲ. ಅವಳ ಹೆಸರಿನಲ್ಲಿ ಒಂದು ದತ್ತಿ ಬಹುಮಾನ ಇಡಿ ಎಂದು ಸಮಿತಿಯವರು ಪ್ರೀತಿಯಿಂದ ಹೇಳಿದರು. ನಾನು, ನಮ್ಮ ಯಜಮಾನರು ಕೂತು ಯೋಚಿಸಿದೆವು. ಅದೇ ಹಣವನ್ನು ಬೇರೆ ಕೆಲಸಕ್ಕೆ ಕೊಡಬೇಕೆನ್ನಿಸಿತು. ಅದನ್ನು ಹೇಳಲು ನಿಂತಿದ್ದೇನೆ.

ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರಿಗೆ ಇಂದು ಒಳ್ಳೆಯ ಚಿಕಿತ್ಸೆ ಇದೆ. ಪೂರ್ತಿ ಚಿಕಿತ್ಸೆ ಸಿಕ್ಕರೆ ಬಹಳ ಮಕ್ಕಳು ಗುಣವಾಗುತ್ತಾರೆ. ಆದರೆ ಅದು ಸಾಮಾನ್ಯವಾಗಿ 2ರಿಂದ 3 ವರ್ಷ ನಡೆಯುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ. ಆದರೆ ಮಗುವಿನ ಜೊತೆ ಇರುವ ತಾಯಿಯ ಊಟ, ಕೋಣೆ ಬಾಡಿಗೆ, ತಪ್ಪಿದ ಕೂಲಿ, ಊರಲ್ಲಿ ಉಳಿದ ಇನ್ನೊಂದು ಮಗುವಿನ ಪಾಡು, ಇವನ್ನೆಲ್ಲ ಮನೆಯವರೇ ನೋಡಿಕೊಳ್ಳಬೇಕು. ಇದನ್ನು ತಾಳಲಾಗದೆ ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಹೋಗುವವರಿದ್ದಾರೆ. ಜೊತೆಗಿರುವವರು ಸೋತರೆ ಮಗುವಿನ ಚಿಕಿತ್ಸೆಯೂ ನಿಲ್ಲುತ್ತದೆ.

ಹದಿನಾಲ್ಕು ತಿಂಗಳು ನಾನು ಅವಳ ಪಕ್ಕದಲ್ಲಿದ್ದೆ. ಅಷ್ಟು ದಿನವೂ ಪಕ್ಕದ ಮನೆಯ ಅಕ್ಕ ನಮ್ಮ ಹಸುವಿನ ಹಾಲು ಕರೆದು ಡೇರಿಗೆ ಹಾಕಿದರು. ಈ ಶಾಲೆಯ ಮೇಷ್ಟ್ರೊಬ್ಬರು ನಮ್ಮ ಮಗನನ್ನು ಸಂಜೆ ಮನೆಗೆ ಕರೆದು ಓದಿಸಿ ಊಟ ಹಾಕಿದರು. "ಏನಾದರೂ ಬೇಕಾದರೆ ಹೇಳಿ" ಎಂದವರು ಬಹಳ ಮಂದಿ. ಹೇಳುವ ತ್ರಾಣವೂ ಆಗ ಇರುವುದಿಲ್ಲ. ಇವರಿಬ್ಬರು ಕೇಳದೆಯೇ ಮಾಡಿದರು.

ಆದ್ದರಿಂದ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನಮ್ಮ ಕೋರಿಕೆ ಇಷ್ಟು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಯಾವ ಮಗುವಿಗೆ ದೊಡ್ಡ ಕಾಯಿಲೆ ಬಂದರೂ, ನೋಡಿಕೊಳ್ಳುವವರ ಊಟ, ವಸತಿ, ಪ್ರಯಾಣಕ್ಕೆ ಒಂದು ನಿಧಿ ಇರಲಿ. ದತ್ತಿಗೆಂದು ಇಟ್ಟ ಹಣವನ್ನು ಅದಕ್ಕೇ ಕೊಡುತ್ತೇವೆ. ಬೆಂಗಳೂರಿನಲ್ಲಿರುವ ಗೆಳೆಯರು ರಕ್ತ, ಪ್ಲೇಟ್‌ಲೆಟ್ ಕೊಡುವವರ ಪಟ್ಟಿ ಮಾಡಿ. ಪ್ಲೇಟ್‌ಲೆಟ್ ಸುಮಾರು 5 ದಿನ ಮಾತ್ರ ಇಡಲು ಬರುತ್ತದೆ, ಬೇಕಾದಾಗ ಜನವೇ ಬೇಕು. ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರಿಗೂ ಜೊತೆಗಿರುವ ಒಬ್ಬರಿಗೂ ರೈಲು ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯಿಂದ ಅದರ ಫಾರಂ ತರಿಸಿಕೊಡಲು ತಿಳಿದವರೊಬ್ಬರು ಜೊತೆಗಿರಲಿ.

ನೋಡಲು ಹೋಗುವವರಿಗೆ ಒಂದು ಮಾತು. ಕೀಮೋ ಆದ ಮಗುವಿಗೆ ಸೋಂಕು ಬೇಗ ತಗಲುತ್ತದೆ. ಗುಂಪಾಗಿ ಒಳಗೆ ಹೋಗಬೇಡಿ. ಹೊರಗೆ ನಿಂತು ತಾಯಿಯ ಕೈಗೆ ಬುತ್ತಿ ಕೊಟ್ಟು ಬನ್ನಿ.

ಮಗು ಉಳಿಯದಿದ್ದರೆ, ಕಾರ್ಯ ಮುಗಿದ ಮೇಲೂ ಆ ಮನೆಗೆ ಹೋಗಿ. ತಾಯಿಗೆ ನೋವಾಗುತ್ತದೆಂದು ಮಗುವಿನ ಹೆಸರೆತ್ತದೆ ಬರಬೇಡಿ. ನಮಗೆ ಆ ಹೆಸರು ಕೇಳಬೇಕೆನಿಸುತ್ತದೆ.

ಇವತ್ತು ಮನೆಗೆ ಹೊರಡುವ ಮೊದಲು ನಿಮ್ಮ ಹೆಸರು, ಫೋನ್ ನಂಬರ್, ರಕ್ತದ ಗುಂಪು ಬರೆದುಕೊಡಿ. ಪುಸ್ತಕ ಬಾಗಿಲ ಹತ್ತಿರದ ಮೇಜಿನ ಮೇಲಿದೆ.